ಕೂಸಿಗೊಂದು ಅಗಲವಾದ ಹೆಸರು

ಕಬ್ಬು ಕಡಿಯುವ ಕಾಲ. ತೇರದಾಳದಿಂದ ಬನಹಟ್ಟಿಗೆ ಹೊರಟ ಬಸ್ಸು ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ತೆವಳುತ್ತಿತ್ತು. ನೂಲು ತರಲು ಹೊರಟಿದ್ದ ಅಂದಾನೆಪ್ಪನಿಗೆ ಮುಂದಿನ ಸೀಟಿನ ತಾಯಿ ಮಗಳ ಮಾತು ಕಿವಿಗೆ ಬಿತ್ತು.

“ಇಳಿಯೂದ್ರಾಗ ಹೆಸರ ಹೇಳ, ಮನೀಷಾ. ಸೋದರತ್ತಿ ನೀನ, ಕೂಸಿನ ಕಿವ್ಯಾಗ ಹೇಳಾಕಿನೂ ನೀನ. ತೊಟ್ಟಲಾ ಕಟ್ಟಿ ಕುಂತಾರಲ್ಲಿ.”

“ದೊಡ್ಡ ಅರ್ಥದ್ದು ಬೇಕವ್ವಾ. ಅಸೀಮಾ?”

“ಹಂಗಂದ್ರ?”

“ಸೀಮಿ ಇಲ್ಲದಾಕಿ. ಉರ್ದುದಾಗ ಬೇಹದ್ ಅಂತಾರ.”

“ಹದ್ದಿಲ್ಲದ್ದು? ಹೊಲದ ಹದ್ದಿನ ಸಲುವಾಗಿ ನಿಮ್ಮಪ್ಪ ಕೋರ್ಟಿನ ಮೆಟ್ಟಲಾ ಸವಿಸ್ಯಾನ. ಬ್ಯಾಡ!”

“ಇಂಗ್ಲಿಷಿನ್ಯಾಗ ಇಮೆನ್ಸ್. ಅಂದ್ರ ಅಳತಿ ಇಲ್ಲದ್ದು.”

“ಎಲ್ಲಾ ಭಾಷಾದಾಗೂ ದೊಡ್ಡದಕ್ಕ ಇಲ್ಲ, ಇಲ್ಲ ಅಂತಾರೇನ? ಇರೂದನ್ನ ಹೇಳೂ ಹೆಸರ ಒಂದೂ ಇಲ್ಲೇನ?”

ಮಗಳು ಕಿಟಕಿಯಾಚೆಯ ಹೊಲಗಳನ್ನೇ ನೋಡುತ್ತ ಕುಳಿತಳು.

“ಉರ್ವಿ. ಸಂಸ್ಕೃತದಾಗ ಅಗಲಾದಾಕಿ ಅಂತ. ಅದಕ್ಕ ಭೂಮಿಗಿ ಆ ಹೆಸರು.”

“ಹೊಲದಂಥಾ ಹುಡುಗಿ! ಆತು, ಇದ ಇರಲಿ.”

ಹಿಂದೆ ಕುಳಿತ ಅಂದಾನೆಪ್ಪನೂ ತಲೆಯಾಡಿಸಿದ.

ಬನಹಟ್ಟಿ ಬಂತು.

“ಹೆಸರ ಕೊಟ್ಟೇನಿ. ಸೋದರತ್ತಿ ಸೀರಿ ಎಲ್ಲಿ?” ಎಂದಳು ಮಗಳು, ಇಳಿಯುತ್ತ.

“ನಿಮ್ಮಣ್ಣನ ಮ್ಯಾಲ ಬಾಕಿ ಇರಲಿ, ನಡಿ.”

“ಆ ಸೀರಿಗಿ ಮಾತ್ರ ಅಂಚ ಇರಬೇಕವ್ವಾ, ಅದೂ ಅಗಲಾದ್ದು!”