ಇದ್ದಿಲು ಬೆರೆಸಿದ ಕೆಸರು

...ಮುಟ್ಟಬೇಡ್ವೇ ಅದನ್ನ, ಕೈಗವಸು ಹಾಕಿಲ್ಲ ನೀನು. ನಿಮ್ಮನೆ ಹಿಂದಿನ ಕಾಲುವೆಯ ಕೆಸರೇ ಅದು, ನಾನೇ ಹೋಗಿ ತುಂಬಿಕೊಂಡು ಬಂದಿದ್ದು. ಮೂಗು ಮುಚ್ಕೊಳ್ತೀಯಲ್ಲ, ನಿನ್ನ ಮಗಳು ಇದರಲ್ಲೇ ಗೊಂಬೆ ಮಾಡಿ ಆಡ್ತಿದ್ದಳು... ತಪ್ಪಾಯ್ತು, ಬಿಡು. ಆಸ್ಪತ್ರೆಯಿಂದ ನೇರ ಬಂದಿದೀಯ. ಅವಳ ಹತ್ರ ಯಾರಿದಾರೆ? ಸರಿ, ಕೂತ್ಕೋ.

ನಾಳೆ ವಿಚಾರಣೇಲಿ ನಾನೇನು ಹೇಳ್ತೀನಿ ಅಂತ ತಾನೇ? ನೋಡು, ಈ ಜಾಡಿಯಲ್ಲಿರೋದು ಬರೀ ಕೆಸರು. ಪರೀಕ್ಷೆಗೆ ಅಂತ ಹುಳ ಬಿಟ್ಟೆ, ಸತ್ತವು. ವಿಷ ಇದೆ, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದರೆ ಯಾರು ಬಿಟ್ಟ ವಿಷ? ಅದಕ್ಕೇ ಈ ಎರಡನೇ ಜಾಡಿ. ಇದಕ್ಕೆ ಇದ್ದಿಲ ಪುಡಿ ಬೆರೆಸಿದೀನಿ. ಬಣ್ಣದ ಕಾರ್ಖಾನೆಯಿಂದ ಬರುತ್ತಲ್ಲ, ಎಣ್ಣೆಯಂಥ ವಿಷ, ಅದನ್ನೆಲ್ಲ ಇದ್ದಿಲು ಹೀರಿಕೊಳ್ಳುತ್ತೆ. ಆಮೇಲೆ ಹುಳ ಬದುಕಿದರೆ ತಪ್ಪು ಕಾರ್ಖಾನೆಯದು. ಸತ್ತರೆ ಇನ್ನೇನೋ... ಊರಿನ ಚರಂಡಿಯೇ ಇರಬಹುದು.

ಇದರಲ್ಲೂ ಸತ್ತವು ಕಣೇ.

ಯಾಕೆ ಹಂಗೆ ನೋಡ್ತೀಯ? ನಮ್ಮನೆಯವರು, ನಿನ್ನ ಭಾವ, ಅದೇ ಕಾರ್ಖಾನೇಲಿ ಕೆಲಸಕ್ಕಿದಾರೆ ಅಂತಾನಾ? ಅವರದೇನಿದೆ, ತೂಬು ತೆಗಿ ಅಂದರೆ ತೆಗೀತಾರೆ, ಮುಚ್ಚು ಅಂದರೆ ಮುಚ್ತಾರೆ. ನಾಳೆ ಮೇಲಿನವರು ಕೈ ತೊಳ್ಕೊಂಡ್ರೆ ಜೈಲಿಗೆ ಹೋಗೋದು ಮಾತ್ರ ಅವರೇ.

ಬೈಯೋದಾದ್ರೆ ಬೈ. ಅಕ್ಕ ಅಂತಾದ್ರೂ ಒಂದ್ಸಲ ಕರಿ. ನಾಲ್ಕು ದೇಶದ ಲ್ಯಾಬುಗಳಲ್ಲಿ ದುಡಿದವಳು ನಾನು, ಎಂಥೆಂಥ ವಕೀಲರ ಪಾಟೀಸವಾಲಿಗೂ ಜಗ್ಗಿಲ್ಲ. ನೀನು ಹಿಂಗೆ ಮುಖ ತಿರುಗಿಸಿ ಕೂತರೆ...

ಇದ್ದಿಲು ಎಷ್ಟು ದಿನ ನೆನೆದಿತ್ತು ಅಂತ ನೀನು ಕೇಳಬೇಕು. ನಾಳೆ ವಕೀಲರು ಕೇಳಲ್ಲ, ಅವರಿಗೆ ಗೊತ್ತಿಲ್ಲ. ಚೆನ್ನಾಗಿ ಕಲಸಿ ತಿಂಗಳುಗಟ್ಟಲೆ ಬಿಡಬೇಕು, ಆಗಲೇ ಅದು ವಿಷ ಎಳೆಯೋದು. ನಾನು ಬೆರೆಸಿದ ದಿನವೇ ಸಂಜೆ ಹುಳ ಬಿಟ್ಟೆ. ಅವಸರ ಇತ್ತು. ನಮ್ಮ ಲ್ಯಾಬಿನ ಸಾಹೇಬರು ಬೇಗ ಮುಗಿಸಿ ಅಂದಿದ್ರು... ಇಲ್ಲ. ಅವರು ಹಾಗೇನೂ ಅನ್ನಲಿಲ್ಲ.

ಯಾಕೆ ಎದ್ದೆ? ಕೂತ್ಕೋ.

ಇನ್ನೊಂದು ಜಾಡಿ ಇದೆ ಕಣೇ. ಇದ್ದಿಲು ತಿಂಗಳುಗಟ್ಟಲೆ ನೆನೆದ ಮೇಲೆ ಹುಳ ಬಿಟ್ಟಿದ್ದು. ಇಲ್ಲಿಲ್ಲ, ನಮ್ಮನೇಲಿ, ಅಡುಗೆಮನೆ ಕಿಟಕಿ ಹತ್ರ ಇಟ್ಟಿದೀನಿ. ಇದೇನು ಅಂತ ನಿನ್ನ ಭಾವ ಕೇಳಿದರು, ಗಿಡಕ್ಕೆ ಮಣ್ಣು ಅಂದೆ. ದಿನಾ ಬೆಳಿಗ್ಗೆ ನಾನೇ ನೀರು ಬದಲಾಯಿಸ್ತೀನಿ.

ಒಂದು ಹುಳವೂ ಸತ್ತಿಲ್ಲ.