ಡಾಕ್ಟರ್ ಶಾಕಂಬರಿ ಕುರಿಗಳ ಹಿಂದೆ ನಡೆದದ್ದು

ಒಂದೂರಲ್ಲಿ ಒಬ್ಬ ಶ್ರೀಮಂತನಿದ್ದ ಎಂದು ಕಥೆ ಶುರು ಮಾಡಿದರೆ ನೀವೆಲ್ಲ ಈ ಮಠದ ಕಂಬಕ್ಕೆ ಒರಗಿ ಆರಾಮಾಗಿ ಕೂರುತ್ತೀರಿ. ಶ್ರೀಮಂತ ಎಂದರೆ ಯಾರೋ ಬೇರೆಯವರು, ಈ ಮಾತು ನಮಗಲ್ಲ ಎಂದುಕೊಳ್ಳುತ್ತೀರಿ. ಅದಕ್ಕೇ ಇವತ್ತು ಶ್ರೀಮಂತ ಬೇಡ. ಇವತ್ತಿನ ಕಥೆ ಒಬ್ಬ ಕುರಿ ಡಾಕ್ಟರಮ್ಮನದು. ಹೆಸರು ಶಾಕಂಬರಿ. ದರ್ಜಿಯ ಮಗಳು. ಓದಿ, ಓದಿ, ಪ್ರಾಣಿ ವಿಜ್ಞಾನದಲ್ಲಿ ಡಾಕ್ಟರ್ ಪದವಿ ಪಡೆದು, ಎರೆ ಸೀಮೆಯ ಒಂದು ಕುರಿ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಬಂದವಳು.

ಆಕೆಗೆ ಒಂದು ಆಸೆಯಿತ್ತು. ಒಳ್ಳೆಯ ಆಸೆಯೇ. ನಮ್ಮ ಕುರಿಗಾರರ ಕುರಿಗಳು ಸಣ್ಣವು, ಮರಿಗಳು ಬೇಗ ಬೆಳೆಯುವುದಿಲ್ಲ. ದೊಡ್ಡ ಮೈಯ ಹೊರಗಿನ ತಳಿಯ ಟಗರು ತಂದು ಕೂಡಿಸಿದರೆ ಮರಿಗಳು ದೊಡ್ಡವಾಗುತ್ತವೆ, ಕುರಿಗಾರರ ಬದುಕು ಸುಧಾರಿಸುತ್ತದೆ ಎಂದು ಆಕೆ ನಂಬಿದ್ದಳು. ಆರು ಹಿಂಡುಗಳಿಗೆ ಆರು ಟಗರು ಕೊಟ್ಟಳು. ಮರಿಗಳು ಹುಟ್ಟಿದವು. ಪ್ರತಿ ತಿಂಗಳೂ ಹೋಗಿ ತೂಗಿದಳು. ಆರು ತಿಂಗಳಿಗೆ ಊರ ಮರಿಗಿಂತ ಐದು ಕಿಲೋ ಹೆಚ್ಚು. ಐದು ಕಿಲೋ ಎಂದರೆ ಸಣ್ಣ ಮಾತಲ್ಲ. ಆಕೆ ವರದಿ ಬರೆದಳು. ವರದಿಗೆ ಪ್ರಶಸ್ತಿ ಎಂದರು. ಇಡೀ ಸೀಮೆಗೆ ಇಂಥ ಎರಡು ಸಾವಿರ ಟಗರು ಹಂಚುವ ಯೋಜನೆ ತಯಾರಾಯಿತು. ಆಕೆಗೆ ಆಗ ಮೂವತ್ತನಾಲ್ಕು ವರ್ಷ. ಆ ವಯಸ್ಸಿಗೆ ಅಷ್ಟು ಹೆಸರು ಬಂದರೆ ಯಾರಿಗೆ ಕಾಲು ನೆಲದ ಮೇಲೆ ನಿಲ್ಲುತ್ತದೆ ಹೇಳಿ?

ಪ್ರಶಸ್ತಿಯ ಪುಸ್ತಕದಲ್ಲಿ ಹಾಕಲು ಫೋಟೊ ಬೇಕಾಯಿತು. ಆಕೆ ಒಬ್ಬ ಫೋಟೊದವರನ್ನು ಜೀಪಿನಲ್ಲಿ ಕೂಡಿಸಿಕೊಂಡು ಹುಲಿಗೆವ್ವ ಎಂಬಾಕೆಯ ಹಟ್ಟಿಗೆ ಹೋದಳು. ಹುಲಿಗೆವ್ವ, ಆಕೆಯ ಗಂಡ ಯಮನಪ್ಪ, ಇವರದು ಇನ್ನೂರು ಕುರಿಗಳ ಹಿಂಡು. ಟಗರು ಪಡೆದ ಆರು ಮಂದಿಯಲ್ಲಿ ಇವರೂ ಇದ್ದರು. ಮೊದಲ ವರ್ಷ ಈ ಹಿಂಡಿನಲ್ಲಿ ಮೂವತ್ತೊಂದು ಮಿಶ್ರ ಮರಿ ಹುಟ್ಟಿದ್ದವು.

ಡಾಕ್ಟರಮ್ಮ ಹಿಂಡಿನ ಸುತ್ತ ಒಂದು ಸುತ್ತು ಬಂದಳು. ಇನ್ನೊಂದು ಸುತ್ತು ಬಂದಳು.

"ಹುಲಿಗೆವ್ವಕ್ಕ, ನಮ್ಮ ಮರಿ ಎಲ್ಲಿ?"

"ಅಲ್ಲೇ ಅದಾವ್ರಿ. ಹನ್ನೊಂದು."

"ಉಳಿದವು?"

"ನಡೀಲಿಲ್ರಿ."

ಅಷ್ಟೇ. ನಡೆಯಲಿಲ್ಲ. ನೋಡಿ, ಕುರಿಗಾರರ ಬಾಳು ನಿಮಗೆ ಗೊತ್ತು. ಮಳೆ ಹಿಡಿಯಿತೆಂದರೆ ಎರೆ ಭೂಮಿ ಅಂಟಾಗುತ್ತದೆ, ಗೊರಸಿನ ಸಂದಿಯಲ್ಲಿ ಮಣ್ಣು ಕಚ್ಚುತ್ತದೆ. ಅವರು ಹಿಂಡು ಹೊಡೆದುಕೊಂಡು ಕೆಂಪು ಮಣ್ಣಿನ ಮಸಾರಿ ಭೂಮಿಗೆ, ಕಲ್ಲುಗುಡ್ಡಕ್ಕೆ ಹೋಗಬೇಕು. ದಿನಕ್ಕೆ ಐದು ಮೈಲಿ, ಆರು ಮೈಲಿ. ಸಣ್ಣ ಕುರಿ ನಡೆಯಿತು. ದೊಡ್ಡ ಮೈಯ ಮರಿಯ ಕಾಲು ಆ ಮೈಯನ್ನು ಹೊರಲಿಲ್ಲ. ಗೊರಸು ಕೊಳೆಯಿತು, ಮರಿಗಳು ಹಿಂದೆ ಬಿದ್ದವು, ದಾರಿಯಲ್ಲೇ ಸತ್ತವು. ಇನ್ನು ಹೊಟ್ಟೆಯೊಳಗೇ ದೊಡ್ಡದಾದ ಮರಿಯನ್ನು ಹೆರಲಾಗದೆ ಹುಲಿಗೆವ್ವನ ಎರಡು ಒಳ್ಳೆಯ ತಾಯಿಕುರಿಗಳು ಸತ್ತಿದ್ದವು.

ಡಾಕ್ಟರಮ್ಮ ಹುಲಿಗೆವ್ವನ ಮುಂದೆ ಕುಕ್ಕರಿಸಿ ಕೂತಳು. "ಇದನ್ನ ಯಾಕ ನನಗ ಹೇಳಲಿಲ್ಲ?" ಎಂದಳು.

ಹುಲಿಗೆವ್ವನಿಗೆ ಸಿಟ್ಟು ಇರಲಿಲ್ಲ. ಕಡ್ಡಿಯಿಂದ ಒಂದು ಕುರಿಯ ಗೊರಸಿನ ಮಣ್ಣು ತೆಗೆಯುತ್ತ ಕೂತಿದ್ದಳು. ತಲೆ ಎತ್ತದೆ ಹೇಳಿದಳು: "ಡಾಕ್ಟ್ರಬಾಯಾರ, ನೀವು ತೂಕ ಎಷ್ಟು ಅಂತ ಕೇಳಿದ್ರಿ, ಹೇಳಿದ್ವಿ. ನಡದಾವೇನು ಅಂತ ಕೇಳಲಿಲ್ಲಲ್ರಿ."

ಈ ಮಾತನ್ನು ಇನ್ನೊಮ್ಮೆ ಕೇಳಿ. ತೂಕ ಕೇಳಿದಿರಿ, ಹೇಳಿದೆವು. ನಡೆದವೇ ಎಂದು ಕೇಳಲಿಲ್ಲ. ನಾವು ಮನೆಯಲ್ಲಿ ಮಗನಿಗೆ ಎಷ್ಟು ಮಾರ್ಕ್ಸು ಬಂತು ಎಂದು ಕೇಳುತ್ತೇವೆ. ಶಾಲೆಯಲ್ಲಿ ಗೆಳೆಯರು ಇದ್ದಾರಾ ಎಂದು ಕೇಳಿದ್ದೇವಾ? ಇರಲಿ, ಕಥೆ ಮುಂದಿದೆ.

ಡಾಕ್ಟರಮ್ಮ ಫೋಟೊದವರನ್ನು ಜೀಪಿನಲ್ಲಿ ವಾಪಸು ಕಳಿಸಿದಳು. ಕೇಂದ್ರಕ್ಕೆ ರಜೆಯ ಚೀಟಿ ಕೊಟ್ಟು ಕಳಿಸಿದಳು. ಮಳೆಗಾಲ ಮುಗಿದಿತ್ತು, ಕೊಯ್ಲಾದ ಹೊಲಗಳ ಕಡೆಗೆ ಹಿಂಡು ಮಾರನೆಯ ದಿನವೇ ಹೊರಡುವುದಿತ್ತು. ತಾನೂ ನಡೆಯುತ್ತೇನೆ ಎಂದಳು.

ಯಮನಪ್ಪ ಆಕೆಯ ಚಪ್ಪಲಿ ನೋಡಿದ. "ಬಾಯಾರ, ಇವು ಹಳ್ಳ ದಾಟೂದ್ರಾಗ ಹರೀತಾವು" ಎಂದ. ಮೊದಲ ಹಳ್ಳದಲ್ಲೇ ಹರಿದವು. ಆತ ತನ್ನ ಹಳೆಯ ಟೈರಿನ ಚಪ್ಪಲಿ ಕೊಟ್ಟ. ಡಾಕ್ಟರ್ ಪದವಿ ಪಡೆದ ಕಾಲುಗಳು ಹತ್ತೊಂಬತ್ತು ದಿನ ಲಾರಿಯ ಟೈರಿನ ಮೇಲೆ ನಡೆದವು.

ಮೊದಲ ದಿನ ಆಕೆಗೆ ಅಳು ಬಂತು. ಮೂರನೆಯ ದಿನ ಹಸಿವು ಬಂತು. ನೀವು ನಗುತ್ತೀರಿ, ಆದರೆ ಎಷ್ಟೋ ವರ್ಷಗಳಿಂದ ಆಕೆಗೆ ಅಂಥ ಹಸಿವಾಗಿರಲಿಲ್ಲವಂತೆ. ಹುಲಿಗೆವ್ವ ಕೊಟ್ಟ ಸಜ್ಜೆ ರೊಟ್ಟಿ, ಕೆಂಪು ಚಟ್ನಿ, ಕುರಿಹಾಲಿನ ಚಹಾ. ಐದನೆಯ ದಿನ ಒಂದು ಮಿಶ್ರ ಮರಿ ಕುಂಟತೊಡಗಿತು. ಡಾಕ್ಟರಮ್ಮ ಅದನ್ನು ಹೆಗಲ ಮೇಲೆ ಹಾಕಿಕೊಂಡಳು. ಸ್ವಲ್ಪ ದೂರ ಹೋಗುವುದರಲ್ಲಿ ಮರಿ ಆಕೆಯ ಕುತ್ತಿಗೆಯ ಮೇಲೆ ಬೆಚ್ಚಗೆ ಉಚ್ಚೆ ಹೊಯ್ಯಿತು. ಆಕೆ ಹಾಗೇ ನಿಂತುಬಿಟ್ಟಳು. ಹಿಂಡಿನ ಜೊತೆಗಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಯಮನಪ್ಪ ಮಾತ್ರ ಗಂಭೀರವಾಗಿ ಹೇಳಿದ: "ಆತು ಬಾಯಾರ. ಇವತ್ತಿಗೆ ನೀವು ಹಟ್ಟಿಯವರಾದ್ರಿ." ಆಮೇಲೆ ಆಕೆಯೂ ನಕ್ಕಳು. ನಕ್ಕು ನಕ್ಕು ಕಲ್ಲಿನ ಮೇಲೆ ಕೂತುಬಿಟ್ಟಳು.

ಆ ಹತ್ತೊಂಬತ್ತು ದಿನ ಆಕೆ ಏನು ಕಂಡಳು? ಸಣ್ಣ ಕುರಿ ಏನು ತಿನ್ನುತ್ತದೆ ಎಂದು ಕಂಡಳು. ಕೊಯ್ದ ಹೊಲದ ಕೂಳೆ, ಬೇಲಿಯ ಎಲೆ, ಯಾರಿಗೂ ಬೇಡವಾದ ಕಸ. ಕೊಂಡು ತಂದ ಮೇವು ಒಂದು ಹಿಡಿಯೂ ಇಲ್ಲ. ಎರಡು ದಿನ ಹಿಂಡು ನಿಂತು ಹೋದ ಹೊಲಕ್ಕೆ ಆ ವರ್ಷ ಬೇರೆ ಗೊಬ್ಬರ ಬೇಡ. ರೈತರು ದಾರಿಯಲ್ಲಿ ಕಾದು ನಿಂತು, "ನಮ್ಮ ಹೊಲದಾಗ ನಿಲ್ಲಸ್ರಿ, ನಮ್ಮ ಹೊಲದಾಗ" ಎಂದು ಕರೆಯುತ್ತಿದ್ದರು. ನೆಲದಿಂದ ತೆಗೆದುಕೊಂಡದ್ದನ್ನು ನೆಲಕ್ಕೇ ಕೊಟ್ಟು ಮುಂದೆ ನಡೆಯುವ ಪ್ರಾಣಿ. ಇದರ ಬಗ್ಗೆ ಆಕೆಯ ವರದಿಯಲ್ಲಿ ಒಂದು ಸಾಲೂ ಇರಲಿಲ್ಲ. ಆಕೆ ತೂಗಿದ್ದು ಮಾಂಸವನ್ನು ಮಾತ್ರ.

ವಾಪಸು ಬಂದ ವಾರಕ್ಕೇ ಯೋಜನೆಯ ಸಭೆ. ದೊಡ್ಡ ಮೇಜು, ಬಿಸ್ಕತ್ತು, ಚಹಾ. ಎರಡು ಸಾವಿರ ಟಗರಿಗೆ ಒಪ್ಪಿಗೆಯ ಸಹಿ ಬೀಳಬೇಕು. ಡಾಕ್ಟರಮ್ಮ ಎದ್ದು ನಿಂತಳು.

"ನನ್ನ ವರದಿ ತಪ್ಪು. ನಾನು ಆರು ತಿಂಗಳಷ್ಟೇ ನೋಡಿದೆ. ಈ ಮರಿಗಳು ನಮ್ಮ ನೆಲದ ಮ್ಯಾಲೆ ಬದುಕೂದಿಲ್ಲ. ಯೋಜನೆ ನಿಲ್ಲಸ್ರಿ."

ದೊಡ್ಡ ಸಾಹೇಬರು ಕನ್ನಡಕ ತೆಗೆದರು. ಅವರೇನೂ ಕೆಟ್ಟವರಲ್ಲ, ಆಕೆಯನ್ನು ಉಳಿಸಬೇಕೆಂದೇ ಹೇಳಿದರು: "ಮೇಡಂ, ತಪ್ಪು ಅಂತ ಕಡತದಾಗ ಬಂದ್ರ ನಿಮ್ಮ ಹೆಸರು ಹೋಗ್ತದ. ಸಣ್ಣ ತಿದ್ದುಪಡಿ ಅಂತ ಬರಿಯೂಣು. ಮಳಿ ಹೆಚ್ಚಾತು, ಕುರಿಗಾರರು ಸರಿ ನೋಡಿಕೊಳ್ಳಲಿಲ್ಲ, ಹಂಗ ಏನರೆ."

ಎಷ್ಟು ಸುಲಭದ ದಾರಿ ನೋಡಿ. ಮಳೆಯ ಮೇಲೆ ಹಾಕಬಹುದು, ಮಳೆ ಬಂದು ಜಗಳಾಡುವುದಿಲ್ಲ. ಕುರಿಗಾರರ ಮೇಲೆ ಹಾಕಬಹುದು, ಅವರು ಆ ಸಭೆಯಲ್ಲಿ ಇರಲಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಉತ್ತರ ನನಗೆ ಬೇಡ. ನಿಮ್ಮಲ್ಲೇ ಇರಲಿ.

"ಕುರಿಗಾರರು ಸರಿಯಾಗೇ ನೋಡಿಕೊಂಡಾರ, ಸರ್. ತಪ್ಪು ನನ್ನದು" ಎಂದಳು ಆಕೆ. ಕೂತಳು.

ಯೋಜನೆ ನಿಂತಿತು. ಪ್ರಶಸ್ತಿ ಬೇರೆಯವರಿಗೆ ಹೋಯಿತು. ಬಡ್ತಿ ಹೋಯಿತು. ಎರಡು ತಗಡಿನ ಶೆಡ್ಡು, ಒಂದು ಕೊಳವೆಬಾವಿ ಇದ್ದ ಸಣ್ಣ ಉಪಕೇಂದ್ರಕ್ಕೆ ವರ್ಗವಾಯಿತು. ಆ ದಿನ ಸಭೆಯಿಂದ ಹೊರಬಂದು ಆಕೆ ಏನು ಮಾಡಿದಳು ಗೊತ್ತೆ? ಇದನ್ನು ನಾನು ಆಕೆಯ ಬಾಯಿಂದಲೇ ಕೇಳಿದ್ದೇನೆ. ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ತಿಂದಳಂತೆ. ಒಂದಲ್ಲ, ಆರು. "ಬುದ್ಧಿ, ಮೈ ಎಷ್ಟು ಹಗುರ ಆಗಿತ್ತಂದ್ರ, ಇನ್ನೂ ಆರು ತಿಂದ್ರೂ ಹಿಡೀತಿತ್ತು" ಎಂದಳು.

ಆದರೆ ಇನ್ನೊಂದು ಕಡೆ ಹೇಳುವುದು ಬಾಕಿಯಿತ್ತು. ಸಾಹೇಬರ ಮುಂದೆ ಹೇಳುವುದೇ ಕಷ್ಟ ಎಂದು ನಾವು ತಿಳಿದಿದ್ದೇವೆ. ಅಲ್ಲ. ನಮಗಿಂತ ಕೆಳಗೆ ಎಂದು ಯಾರನ್ನು ತಿಳಿದಿರುತ್ತೇವೋ ಅವರ ಮುಂದೆ ಹೇಳುವಾಗ ನಾಲಿಗೆ ಏಳುವುದಿಲ್ಲ. ಆಕೆ ಆರೂ ಹಿಂಡುಗಳಿಗೆ ಹೋದಳು. ಹುಲಿಗೆವ್ವನ ಹಟ್ಟಿಗೆ ಕೊನೆಗೆ ಹೋದಳು. ಅಲ್ಲೇ ಹೆಚ್ಚು ನಾಚಿಕೆ.

"ಹುಲಿಗೆವ್ವಕ್ಕ, ನನ್ನಿಂದ ನಿಮ್ಮ ಕುರಿ ಸತ್ತವು. ನಂದು ತಪ್ಪಾತು."

ಹುಲಿಗೆವ್ವ ಕಂಬಳಿ ಹಾಸಿದಳು. "ನನಗ ಅರವತ್ತು ವರ್ಷ ಆತು" ಎಂದಳು. "ತಪ್ಪಾತು ಅಂದ ಸರಕಾರದವ್ರನ್ನ ಇವತ್ತ ನೋಡಿದೆ. ಕುಂದರ್ರಿ, ಮೊದ್ಲ ಊಟ ಮಾಡ್ರಿ. ಆಮ್ಯಾಲೆ ಏನ ಮಾಡೂದು ನೋಡೂಣು."

ಊಟವಾದ ಮೇಲೆ ನಿಜವಾಗಿಯೂ ನೋಡಿದರು. ಒಳ್ಳೆಯ ಟಗರು ಯಾವುದೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಡಾಕ್ಟರಮ್ಮ ಕೇಳಿದಳು. ಈ ಸಲ ಪುಸ್ತಕ ತೆಗೆಯಲಿಲ್ಲ, ಸುಮ್ಮನೆ ಕೇಳಿದಳು.

"ನಾವು ಟಗರ ನೋಡಂಗಿಲ್ರಿ" ಎಂದಳು ಹುಲಿಗೆವ್ವ. "ಅದರ ಅವ್ವನ್ನ ನೋಡ್ತೀವಿ. ದಾರ್‍ಯಾಗ ಮುಂದ ಇರತಿತ್ತೋ ಹಿಂದೋ. ಬ್ಯಾಸಗ್ಯಾಗ ಮರೀಗೆ ಹಾಲು ಉಳಸತಿತ್ತೋ ಇಲ್ಲೋ. ಟಗರ ಮೈ ಯಾರರೆ ನೋಡ್ತಾರ."

ಅಲ್ಲಿಂದ ಆಕೆಯ ಹೊಸ ಸಂಶೋಧನೆ ಶುರುವಾಯಿತು. ಹೊರಗಿನ ಟಗರು ಬೇಡ. ಹಿಂಡುಗಳಲ್ಲೇ ಚೆನ್ನಾಗಿ ನಡೆಯುವ, ಹಾಲಿರುವ, ರೋಗ ತಡೆಯುವ ತಾಯಿಕುರಿಗಳನ್ನು ಹುಡುಕುವುದು. ಅವುಗಳ ಗಂಡುಮರಿಗಳನ್ನು ಬೆಳೆಸಿ ಹಿಂಡಿನಿಂದ ಹಿಂಡಿಗೆ ಬದಲಾಯಿಸುವುದು. ಆರಿಸುವುದು ಹುಲಿಗೆವ್ವ ಮತ್ತು ಇತರ ಕುರಿಗಾರರು. ಅಳೆದು, ಬರೆದು, ಮತ್ತೆ ಪರೀಕ್ಷಿಸುವುದು ಡಾಕ್ಟರಮ್ಮ. ಎಷ್ಟೋ ಸಲ ಇಬ್ಬರಿಗೂ ಜಗಳವಾಯಿತು. ಕೆಲವು ಸಲ ಡಾಕ್ಟರಮ್ಮನ ಲೆಕ್ಕ ಸರಿ ಬಂತು, ಹುಲಿಗೆವ್ವನದು ತಪ್ಪಿತು. "ಆತ್ ಬಿಡ್ರಿ, ಈ ಸಲ ನಂದ ತಪ್ಪು" ಎಂದು ಹುಲಿಗೆವ್ವ ಗಟ್ಟಿಯಾಗಿ ಹೇಳುತ್ತಿದ್ದಳು. ಒಬ್ಬರು ಬಾಯಿ ತೆರೆದರೆ ಇನ್ನೊಬ್ಬರಿಗೂ ಧೈರ್ಯ ಬರುತ್ತದೆ, ನೋಡಿ.

ಆರನೆಯ ವರ್ಷ ಮಳೆ ವಿಪರೀತ. ಹಿಂಡುಗಳು ಮಸಾರಿಗೆ ಹೊರಟವು. ದಾರಿಯಲ್ಲಿ ಒಂದು ದೊಡ್ಡ ಹಳ್ಳ. ಮೊದಲು ಮರಿಗಳು ಅಲ್ಲೇ ಸೋಲುತ್ತಿದ್ದವು. ಡಾಕ್ಟರಮ್ಮ ಆಚೆ ದಂಡೆಯಲ್ಲಿ ನಿಂತಳು. ಮುಂದೆ ತಾಯಿಗಳು, ಹಿಂದೆ ಮರಿಗಳು, ಕೆಸರು ನೀರಿನಲ್ಲಿ ಮೂತಿ ಮೇಲೆತ್ತಿ, ಬ್ಯಾ ಬ್ಯಾ ಎನ್ನುತ್ತ ದಾಟಿದವು. ಹುಲಿಗೆವ್ವ ಮರಿಗಳನ್ನು ಎಣಿಸಿದಳು. ಅರವತ್ತೆರಡು. ಡಾಕ್ಟರಮ್ಮ ಎಣಿಸಿದಳು. ಅರವತ್ತೆರಡು. ಈಚೆ ದಂಡೆಯಿಂದ ಹೊರಟದ್ದೂ ಅರವತ್ತೆರಡೇ. ನಂಬಿಕೆಯಾಗದೆ ಯಮನಪ್ಪ ಇನ್ನೊಮ್ಮೆ ಎಣಿಸಿದ. ಮರಿಗಳು ನಿಲ್ಲಲಾರದೆ ಹಾರಾಡತೊಡಗಿದ್ದರಿಂದ ಆತನಿಗೆ ಅರವತ್ತೈದು ಬಂತು. ಒದ್ದೆ ಬಟ್ಟೆಯಲ್ಲೇ ಆ ಮೂವರೂ ನಗುತ್ತ ನಿಂತಿದ್ದನ್ನು ಕಂಡ ರೈತನೊಬ್ಬ, ಇವರಿಗೆ ಏನೋ ಆಗಿದೆ ಎಂದು ಊರಿಗೆ ಹೋಗಿ ಹೇಳಿದನಂತೆ.

ಈಗ ನಲವತ್ತು ಹಿಂಡುಗಳು ಈ ಕೆಲಸದಲ್ಲಿವೆ. ಆ ತಗಡಿನ ಶೆಡ್ಡಿಗೆ ದೂರದೂರದಿಂದ ವಿದ್ಯಾರ್ಥಿಗಳು ಕಲಿಯಲು ಬರುತ್ತಾರೆ. ಹುಲಿಗೆವ್ವನನ್ನು ಪಾಠಕ್ಕೆ ಕರೆದ ಮೊದಲ ದಿನ ಆಕೆಗೆ ಕುರ್ಚಿ ಹಾಕಿದ್ದರು. ಆಕೆ ಸುತ್ತ ನೋಡಿ, "ಇಲ್ಲಿ ಕುರಿನ ಇಲ್ಲಲ್ಲ, ಏನ ಕಲಸಲಿ" ಎಂದು ಎಲ್ಲರನ್ನೂ ಬಿಸಿಲಿಗೆ ಎಬ್ಬಿಸಿಕೊಂಡು ಹೋದಳು. ಡಾಕ್ಟರಮ್ಮ ವಿದ್ಯಾರ್ಥಿಗಳ ಹಿಂದೆ ಹಿಂದೆ ಹೋಗಿ ನಿಂತು ಪಾಠ ಕೇಳಿದಳು.

ಬಂಧುಗಳೇ, ಈಗ ನಿಮ್ಮ ಕಡೆಗೆ ಬರುತ್ತೇನೆ. ಕಂಬ ಬಿಟ್ಟು ಸ್ವಲ್ಪ ನೇರ ಕೂರಿ.

ಆ ಡಾಕ್ಟರಮ್ಮನ ಬದುಕನ್ನು ಹಿಗ್ಗಿಸಿದ್ದು ಯಾವುದು? ಓದು ಹೌದು, ದುಡಿಮೆ ಹೌದು. ಬಾಗಿಲು ತೆರೆದದ್ದು ಮಾತ್ರ ಮೂರು ಶಬ್ದ: ನಾನು ಮಾಡಿದ್ದು ತಪ್ಪು. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದು ನಾವು ಅದನ್ನು ಗಂಟಲಲ್ಲಿ ಇಟ್ಟುಕೊಂಡು ವರ್ಷಗಟ್ಟಲೆ ತಿರುಗುತ್ತೇವೆ. ಅತ್ತೆ ಸೊಸೆಗೆ ಹೇಳುವುದಿಲ್ಲ. ಮಾಸ್ತರರು ಹುಡುಗರಿಗೆ ಹೇಳುವುದಿಲ್ಲ. ಗಂಡಸರಂತೂ, ನಿಮ್ಮ ಸುದ್ದಿಯೇ ಬೇಡ. ಅಪ್ಪಿತಪ್ಪಿ ಹೇಳಿದರೂ ಹಿಂದೆಯೇ ಒಂದು 'ಆದರೆ' ಸೇರಿಸುತ್ತೇವೆ. ನನ್ನದು ತಪ್ಪು, ಆದರೆ ನೀನೂ ಹಾಗೆ ಅಂದಿದ್ದೆ. ಆ 'ಆದರೆ' ಬಂತೆಂದರೆ ಮುಗಿಯಿತು, ಮತ್ತೆ ಜಗಳವೇ.

ಆದ್ದರಿಂದ ನೀವು ಮಾಡಬೇಕಾದದ್ದು ಇಷ್ಟು. ಇವತ್ತು ಮನೆಗೆ ಹೋಗಿ, ಊಟಕ್ಕೆ ಕೂರುವ ಮೊದಲು, ಒಬ್ಬರ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಿ. ನಿಮಗಿಂತ ಸಣ್ಣವರ ಮುಂದೆ. ಯಾವ ದಿನ, ಏನು ಮಾಡಿದೆ ಎಂದು ಹೆಸರಿಟ್ಟು ಹೇಳಿ. 'ಆದರೆ' ಎನ್ನಬೇಡಿ. ಹೇಳಿ ಬಾಯಿ ಮುಚ್ಚಿ.

ಹೇಗೆ ಎಂದು ತೋರಿಸಲೇ? ನಮ್ಮ ದಾಸೋಹದ ಅಡುಗೆಯ ಗುರುಬಸವ್ವ ಅಲ್ಲಿ ಬಾಗಿಲ ಬಳಿ ನಿಂತಿದ್ದಾಳೆ. ಹೋದ ಸೋಮವಾರ ಪ್ರಸಾದ ತಡವಾಯಿತೆಂದು ನಾಲ್ಕು ಜನರ ಮುಂದೆ ಆಕೆಗೆ ಗದರಿದೆ. ಹೊತ್ತು ಬದಲಾಯಿಸಿದವನು ನಾನೇ. ಆಕೆಗೆ ಹೇಳಿ ಕಳಿಸಲು ಮರೆತಿದ್ದೆ.

ಗುರುಬಸವ್ವ, ಸೋಮವಾರ ತಪ್ಪು ನನ್ನದು.

ನೋಡಿ, ಮಠ ಬಿದ್ದಿಲ್ಲ. ಆಕೆ ನಗುತ್ತಿದ್ದಾಳೆ. ನೀವೂ ಇನ್ನು ಮನೆಗೆ ಹೋಗಿ ಹೇಳಿ.