ದೇವಕಣಗಿಲೆಯ ಹಾಲು

೧೯೯೯ರ ಮಾಘದಲ್ಲಿ, ಮಾಯಸಂದ್ರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಅತ್ತಿಗೆ ನಾದಿನಿಯರಿಬ್ಬರು ಕೂತಿದ್ದರು. ತೆಂಗಿನ ಸಾಲುಗಳ ನಡುವೆ ನೂರು ವರ್ಷದ ಹಿಂದೆ ಶಾನುಭೋಗರೊಬ್ಬರು ಬೆಳೆಸಿದ ಹೂದೋಟವನ್ನೂ ಅವರ ಮನೆಯನ್ನೂ ನೋಡಿಕೊಂಡು ಬಂದವರು. ಅತ್ತಿಗೆಯ ಚೀಲದಿಂದ ದೇವಕಣಗಿಲೆಯ ಕಡ್ಡಿಯೊಂದು ಇಣುಕುತ್ತಿತ್ತು.

“ಕೇಳಿ ತಂದ ಗಿಡ ಹತ್ತಾಕಿಲ್ಲ, ಕದ್ದಿದ್ದೇ ಚಿಗುರೋದು ಅಂತ ನೀವೇ ಹೇಳ್ತಿದ್ರಿ. ಈಗ್ಯಾಕೆ ಅತ್ತಿಗೆ ಮುಖ ಬಾಡಿಸ್ಕಂಡಿದ್ದೀರಿ?”

“ಆ ಮನೆ ಸೊಸೆ ನಂಗೆ ಕೈಗೆ ನೀರು ಹಾಕುದ್ರು ಕಣೇ ಸುಲೋಚನಾ.”

“ಮಜ್ಜಿಗೆ ಕೊಡೋಕ್ ಮುಂಚೆ ನಂಗೂ ಹಾಕುದ್ರಲ್ಲ.”

“ನಂಗೆ ಎಣ್ಣೇನೂ ಕೊಟ್ರು. ಹಾಲು ಅಂಟೈತೆ, ಉಜ್ಜಿ ತೊಳ್ಕಳಿ, ಕಣ್ಣಿಗೆ ತಾಕಿದ್ರೆ ಉರಿ ಅಂದ್ರು.”

“ಗೊತ್ತಾಗೋಯ್ತಾ?”

“ಕಡ್ಡಿ ಮುರಿದೋರ ಕೈಗಲ್ದೆ ಇನ್ಯಾರ ಕೈಗೆ ಅಂಟುತ್ತೆ ಆ ಹಾಲು? ಚೀಲದ ಕಡೆ ನೋಡ್ಲೇ ಇಲ್ಲ, ಪುಣ್ಯಾತ್ಗಿತ್ತಿ.”

“ಶಿವಪೂಜೆಗೆ ತಾನೇ ತಂದಿದ್ದು, ಬುಡಿ.”

“ಕದ್ದ ಹೂವ ಶಿವನ ತಲೆ ಮೇಲಿಡ್ಲಾ?”

ತುರುವೇಕೆರೆ ಬಸ್ಸು ಬಂತು. ಸುಲೋಚನಾ ಮೆಟ್ಟಿಲು ಹತ್ತಿದಳು. ಅತ್ತಿಗೆ ಎದ್ದು, ಬಂದ ದಾರಿಯ ಕಡೆಗೇ ತಿರುಗಿದಳು.

“ಎಲ್ಲಿಗೆ? ಮುರಿದಿದ್ದನ್ನ ಮತ್ತೆ ಅಂಟಿಸ್ತೀರಾ?”

“ಕೇಳ್ತೀನಿ. ಕೊಟ್ರೆ ತತ್ತೀನಿ, ಇಲ್ದಿದ್ರೆ ಅಲ್ಲೇ ನೆಟ್ಟು ಬತ್ತೀನಿ. ನೀನು ಹೋಗು.”

ಸುಲೋಚನಾ ಒಂದು ಗಳಿಗೆ ಕಂಬಿ ಹಿಡಿದು ನಿಂತಳು. ಆಮೇಲೆ ಕೆಳಗಿಳಿದು, ಸೆರಗಿನ ತುದಿಯ ಗಂಟು ಬಿಚ್ಚಿದಳು. ಅಂಗೈಗೆ ನಾಲ್ಕಾರು ಹೂವಿನ ಬೀಜ ಉದುರಿದವು.

“ಇವೂ ಅಲ್ಲೀವೇ ಅತ್ತಿಗೆ,” ಎಂದಳು, ತಲೆ ಎತ್ತದೆ. “ಬೀಜ ಕೈಗೆ ಅಂಟಾಕಿಲ್ಲ ನೋಡಿ.”

ಬಸ್ಸು ಹೊರಟಿತು. ಅವರಿಬ್ಬರೂ ತೋಟದ ದಾರಿ ಹಿಡಿದರು.